ಚಿಟ್ಟೆಯ ಮನೆಯಲ್ಲಿ ಕೂತ ಕಣಜ

ಭೂಮಿಯ ಮೈ ಇನ್ನೂ ಹಸಿಯಾಗಿದ್ದ ಕಾಲ. ಗುಡ್ಡಗಳು ತಮಗೊಪ್ಪುವ ಜಾಗ ಹುಡುಕಿಕೊಂಡು ಆಗಷ್ಟೇ ಕೂತಿದ್ದವು. ಹೊಳೆಗೆ ಯಾವ ಕಡೆ ಹರಿಯಬೇಕೆಂದು ಇನ್ನೂ ತಿಳಿದಿರಲಿಲ್ಲ. ದಿನಾ ಬೆಳಿಗ್ಗೆ ಗಾಳಿಯನ್ನು ಕೇಳಿಕೊಂಡು ಹೊರಡುತ್ತಿತ್ತು. ಹುಳ, ಹಕ್ಕಿ, ಮೀನು ಎಲ್ಲ ಹುಟ್ಟಿದ್ದವು. ಆದರೆ ಎಷ್ಟೋ ಜನಕ್ಕೆ ಹೆಸರಿರಲಿಲ್ಲ.

ಹೆಸರಿಡುವ ಕೆಲಸ ಮಾಳಜ್ಜಿಯದು. ಬೋಳುಗುಡ್ಡದ ಬುಡದಲ್ಲಿ ಅವಳ ಮನೆ. ಮನೆ ಚಿಕ್ಕದು, ಅಂಗಳ ಮಾತ್ರ ಬಲು ದೊಡ್ಡದು. ಆ ಅಂಗಳದಲ್ಲಿ ಅವಳು ರಂಗೋಲಿ ಪುಡಿಯಿಂದ ಒಂದೊಂದು ಕುಲಕ್ಕೂ ಒಂದೊಂದು ಮನೆ ಬರೆದಿದ್ದಳು. ಜೇನಿಗೊಂದು ಮನೆ, ಇರುವೆಗೊಂದು ಮನೆ, ಚಿಟ್ಟೆಗೊಂದು ಮನೆ. ಹೊಸದಾಗಿ ಹುಟ್ಟಿದವರನ್ನು ಅವರವರ ಮನೆಯೊಳಗೆ ಕೂರಿಸಿ, ಕಿವಿಯಲ್ಲಿ ಮೂರು ಸಲ ಹೆಸರು ಹೇಳುತ್ತಿದ್ದಳು. ಹುಳಹುಪ್ಪಟೆಗೆ ಕಿವಿ ಎಲ್ಲಿದೆ ಎಂದು ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತಿತ್ತು.

ಯಾರು ಯಾವ ಮನೆಯವರು ಎಂದು ಅವಳಿಗೆ ಹೇಗೆ ತಿಳಿಯುತ್ತಿತ್ತು? ಅದಕ್ಕೊಂದು ಕಟ್ಟಳೆ ಇತ್ತು. ಯಾವ ತೊಟ್ಟಿಲಿನಿಂದ ಎದ್ದು ಬಂದರೋ ಆ ಮನೆಯವರು. ಅಷ್ಟೇ. ಈ ಕಟ್ಟಳೆ ಒಂದು ಸಲವೂ ತಪ್ಪಿರಲಿಲ್ಲ. ತಪ್ಪಿರಲಿಲ್ಲ ಎಂದು ಮಾಳಜ್ಜಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಅಂಗಳದ ಅಂಚಿನ ಕರಿಬೇವಿನ ಗಿಡದಲ್ಲಿ ಹಳದಿ ಮಚ್ಚೆಯ ಕಪ್ಪು ಚಿಟ್ಟೆಯೊಂದು ಸಂಸಾರ ಹೂಡಿತ್ತು. ಮಾಳಜ್ಜಿ ಅವಳನ್ನು ಚಿಟ್ಟವ್ವ ಎಂದು ಕರೆಯುತ್ತಿದ್ದಳು. ಆ ಕಾಲದಲ್ಲಿ ಚಿಟ್ಟೆಗಳು ಈಗಿನ ಹಾಗಿರಲಿಲ್ಲ. ಎಲ್ಲ ಮೊಟ್ಟೆಗಳನ್ನೂ ಒಂದೇ ರೆಂಬೆಯಲ್ಲಿ ಇಡುತ್ತಿದ್ದವು. ಮಕ್ಕಳು ಮೊಟ್ಟೆಯೊಡೆದು ಹುಳುವಾಗಿ, ಹುಳು ತನ್ನ ಸುತ್ತ ತೊಟ್ಟಿಲು ಕಟ್ಟಿಕೊಂಡು ಮಲಗುವವರೆಗೂ ದಿನಾ ಬಂದು ರೆಕ್ಕೆ ಬೀಸಿ ಗಾಳಿ ಹಾಕುತ್ತಿದ್ದವು.

ಚಿಟ್ಟವ್ವನ ಐದು ತೊಟ್ಟಿಲು ತೆರೆಯುವ ದಿನ ಬಂತು. ಮಾಳಜ್ಜಿ ಅಂಗಳ ಸಾರಿಸಿ, ಹೊಸದಾಗಿ ಪುಡಿ ಎಳೆದು ಕಾದಳು. ಮೊದಲ ತೊಟ್ಟಿಲಲ್ಲಿ ಒಂದು ಸಣ್ಣ ತೂತು ಬಿತ್ತು. ಅದರಿಂದ ರಾಗಿ ಕಾಳಿನಷ್ಟು ದೊಡ್ಡದೊಂದು ಜೀವ ಹೊರಬಂತು. ಕಪ್ಪು ಹಸಿರು ಮೈ, ತೆಳು ರೆಕ್ಕೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ಐದೂ ತೊಟ್ಟಿಲಿನಿಂದ ಅವೇ ಬಂದವು, ಎಣಿಸಲಾರದಷ್ಟು.

ಮಾಳಜ್ಜಿ ಅವುಗಳನ್ನೆಲ್ಲ ಗುಡಿಸಿ ತಂದು ಚಿಟ್ಟೆಯ ಮನೆಯಲ್ಲಿ ಕೂರಿಸಿದಳು. "ಚಿಟ್ಟೆ, ಚಿಟ್ಟೆ, ಚಿಟ್ಟೆ" ಎಂದು ಹೆಸರು ಹೇಳಿದಳು.

"ಅಜ್ಜಿ, ಇವು ನನ್ ಮಕ್ಕಳಲ್ಲ" ಎಂದಳು ಚಿಟ್ಟವ್ವ.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನೀನ್ ನೋಡಿದ್ರೆ ಮಕ್ಕಳ ಮೈಬಣ್ಣಕ್ಕೆ ಮುಖ ತಿರುಗಿಸ್ತೀಯಲ್ಲೇ" ಎಂದು ಮಾಳಜ್ಜಿ ಛೇಡಿಸಿದಳು. "ಕಪ್ಪೆ ಮರಿ ಹುಟ್ತಾ ಕಪ್ಪೆ ಥರ ಇರ್ತದಾ? ಮೀನಿನ ಥರ ಇರ್ತದೆ. ಆಮೇಲೆ ಸರಿಹೋಗ್ತದೆ."

"ಇವು ಸರಿಹೋಗಲ್ಲ ಅಜ್ಜಿ. ಇವು ನನ್ನವಲ್ಲ."

"ನಿನ್ ತೊಟ್ಟಿಲಿಂದ್ಲೇ ಎದ್ದು ಬಂದ್ವಲ್ಲವ್ವ. ಕಣ್ಣಾರೆ ಕಂಡಿದೀನಿ."

"ಹೊರಗೆ ಬಂದಿದ್ದು ಕಂಡೆ. ಒಳಗೆ ಹೋಗಿದ್ದು ಕಂಡ್ಯಾ?"

ಮಾಳಜ್ಜಿ ಎಂದೂ ತೊಟ್ಟಿಲ ಬಾಗಿಲಲ್ಲೇ ನಿಂತವಳು. ಅದಕ್ಕೂ ಮೊದಲು ಏನಾಯಿತೆಂದು ನೋಡಿದವಳಲ್ಲ.

"ನನ್ ಮಕ್ಕಳೆಲ್ಲಿ ಅಜ್ಜಿ?" ಚಿಟ್ಟವ್ವ ಮತ್ತೆ ಕೇಳಿದಳು.

ಆಗ ಕರಿಬೇವಿನ ಗಿಡ ಬಾಯಿ ಬಿಟ್ಟಿತು. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ ಮಾಳಜ್ಜಿ. ಮೊದಲಿಂದ ಕೂತು ನೋಡಬಾರದಾ?"

"ನೋಡ್ತೀನಿ" ಎಂದಳು ಮಾಳಜ್ಜಿ. "ಇನ್ನೊಂದು ಸಲ ಮೊಟ್ಟೆ ಇಡು ಚಿಟ್ಟವ್ವ. ಈ ಸಲ ಮೊಟ್ಟೆಯಿಂದ್ಲೇ ಕಾಯ್ತೀನಿ."

ಚಿಟ್ಟವ್ವ ತನ್ನ ರೆಕ್ಕೆ ನೋಡಿಕೊಂಡಳು. ಅಂಚು ಹರಿಯುತ್ತಾ ಬಂದಿತ್ತು. ಹೊಟ್ಟೆಯಲ್ಲಿ ಮೊಟ್ಟೆಗಳು ಹೆಚ್ಚು ಉಳಿದಿರಲಿಲ್ಲ. ಆದರೂ ಅದೇ ರೆಂಬೆಯಲ್ಲಿ ಏಳು ಮೊಟ್ಟೆ ಇಟ್ಟಳು.

ಮಾಳಜ್ಜಿ ಗಿಡದ ಕೆಳಗೆ ಮಣೆ ಹಾಕಿಕೊಂಡು ಕೂತಳು. ಅಂಗಳದಲ್ಲಿ ಹೆಸರಿಲ್ಲದವರ ಸಾಲು ಬೆಳೆಯಿತು. "ಕಾಯಿರಿ" ಎಂದಳು.

ಮೊಟ್ಟೆಯೊಡೆದು ಏಳು ಹುಳುಗಳು ಬಂದವು. ಮೊದಲು ಹಕ್ಕಿಯ ಹಿಕ್ಕೆಯ ಹಾಗಿದ್ದವು. ಎಲೆ ತಿಂದು ತಿಂದು ಎಲೆಯದೇ ಬಣ್ಣಕ್ಕೆ ತಿರುಗಿದವು. ಚಿಟ್ಟವ್ವ ದಿನಾ ಬರುತ್ತಿದ್ದಳು. ಒಂದೊಂದೇ ಮಗುವಿನ ಹತ್ತಿರ ನಿಂತು ರೆಕ್ಕೆ ಬೀಸುತ್ತಿದ್ದಳು. ಅವಳ ರೆಕ್ಕೆಯ ನುಣ್ಣನೆ ಪುಡಿ ಎಲೆಗಳ ಮೇಲೆ ಉದುರುತ್ತಿತ್ತು.

ಒಂದು ದಿನ ಗಾಳಿ ಜೋರಾಗಿ ಬೀಸಿತು. ಮಾರನೆಯ ದಿನ ಚಿಟ್ಟವ್ವ ಎಣಿಸಿದಾಗ ಆರೇ ಹುಳುಗಳಿದ್ದವು. ಗಿಡವನ್ನೆಲ್ಲ ಜಾಲಾಡಿದಳು. ಏಳನೆಯದು ಸಿಗಲಿಲ್ಲ. ಅದು ಸತ್ತೇ ಹೋಯಿತೆಂದು ಅತ್ತಳು. ಅತ್ತು, ಉಳಿದ ಆರಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ಗಾಳಿ ಹಾಕಿದಳು.

ಆರು ಹುಳುಗಳು ತಿನ್ನುವುದು ನಿಲ್ಲಿಸಿ, ಸೊಂಟಕ್ಕೊಂದು ನೂಲು ಬಿಗಿದು, ರೆಂಬೆಗೆ ಒರಗಿಕೊಂಡವು. ಇನ್ನೇನು ತೊಟ್ಟಿಲಾಗಬೇಕು. ಆ ಮಧ್ಯಾಹ್ನ ಒಂದು ಪುಟ್ಟ ಹುಳ ಬಂತು. ಕಪ್ಪು ಹಸಿರು ಮೈ, ತೆಳು ರೆಕ್ಕೆ. ಹಾರಿ ಬರಲಿಲ್ಲ, ನಡೆದು ಬಂತು. ತಲೆಯ ಮೇಲಿನ ಎರಡು ಮೀಸೆಗಳಿಂದ ಎಲೆಯನ್ನು ತಟ್ಟುತ್ತ, ತಟ್ಟುತ್ತ ಬಂತು.

ಮಾಳಜ್ಜಿ ಅದನ್ನು ಕಂಡಳು. ಅಟ್ಟಬಹುದಿತ್ತು. ಅಟ್ಟಲಿಲ್ಲ. ಯಾಕೆ ಗೊತ್ತೇ? ಅವಳ ಅಂಗಳದಲ್ಲಿ ಅದು ಚಿಟ್ಟೆಯ ಮನೆಯಲ್ಲಿ ಕೂತಿತ್ತು. ಅವಳೇ ಅದಕ್ಕೆ ಹೆಸರು ಹೇಳಿದ್ದಳು. ಚಿಟ್ಟವ್ವ ಏನೇ ಅಂದಿದ್ದರೂ ಅವಳ ಮನಸ್ಸಿನ್ನೂ ಹಳೆಯ ಕಟ್ಟಳೆಗೇ ಜೋತುಬಿದ್ದಿತ್ತು. ಅಕ್ಕ ತನ್ನ ತಮ್ಮಂದಿರನ್ನು ನೋಡಿಕೊಂಡು ಹೋಗಲು ಬಂದಿದ್ದಾಳೆ ಎಂದುಕೊಂಡಳು.

ಪುಟ್ಟ ಹುಳ ಒಂದೊಂದರ ಪಕ್ಕದಲ್ಲೂ ತಾಳ್ಮೆಯಿಂದ ಕೂತು ಕಾಯಿತು. ತೊಟ್ಟಿಲು ಇನ್ನೂ ಮೆತ್ತಗಿರುವಾಗ ಅದರ ಮೇಲೆ ಹತ್ತಿ ಬಾಲದ ತುದಿಯನ್ನು ಒತ್ತಿತು. ಆರಕ್ಕೂ ಹಾಗೇ ಮಾಡಿತು. ಮುದ್ದು ಮಾಡುತ್ತಿದೆ ಎಂದುಕೊಂಡಳು ಮಾಳಜ್ಜಿ.

ದಿನಗಳು ಉರುಳಿದವು. ತೊಟ್ಟಿಲುಗಳು ಕಂದು ಬಣ್ಣಕ್ಕೆ ತಿರುಗಿದವು. ಒಂದರಲ್ಲಿ ಸಣ್ಣ ತೂತು ಬಿತ್ತು. ರಾಗಿ ಕಾಳಿನಷ್ಟು ದೊಡ್ಡದೊಂದು ಜೀವ ಹೊರಬಂತು.

ಆಗ ಮಾಳಜ್ಜಿಗೆ ಎಲ್ಲ ಅರ್ಥವಾಯಿತು. ಮುದ್ದು ಮಾಡಿದ್ದಲ್ಲ, ಮೊಟ್ಟೆ ಇಟ್ಟದ್ದು. ಒಳಗೆ ಮಲಗಿದ್ದ ಮಗುವನ್ನೇ ತಿಂದು ಇವು ಬೆಳೆದಿವೆ. ತನ್ನ ಕಣ್ಣೆದುರಿಗೇ ಆರು ಮಕ್ಕಳು ಹೋದವು. ತಾನು ತಪ್ಪು ಮನೆಯಲ್ಲಿ ಕೂರಿಸಿದ್ದರಿಂದಲೇ ಹೋದವು.

ಚಿಟ್ಟವ್ವ ಬಂದು ನಿಂತಳು. ಮಾಳಜ್ಜಿ ಒಂದನ್ನೂ ಮುಚ್ಚಿಡದೆ ಹೇಳಿದಳು. "ತಪ್ಪು ನನ್ದು ಕಣವ್ವ. ಕಳ್ಳರಿಗೆ ನೆಂಟರು ಅಂತ ಹೆಸರಿಟ್ಟೋಳು ನಾನೇ."

"ಹಂಗಾದ್ರೆ ಆ ಹೆಸರು ಅಳಿಸಿಬಿಡು. ಹೆಸರೇ ಇಲ್ದಂಗೆ ಮಾಡು."

"ಹೆಸರು ಅಳಿಸ್ಬೋದು ಚಿಟ್ಟವ್ವ. ಹಸಿವು ಅಳಿಸಕ್ಕಾಗಲ್ಲ. ಹೆಸರಿಲ್ದೆ ಇದ್ರೆ, ಬಂದಾಗ ಯಾರು ಅಂತಾನೂ ನಮಗೆ ಗೊತ್ತಾಗಲ್ಲ."

ಮಾಳಜ್ಜಿ ಪುಟ್ಟ ಹುಳವನ್ನು ಕರೆದಳು. ಅದು ಅಡಗಿಕೊಳ್ಳದೆ ಬಂತು.

"ಯಾಕೆ ಹಿಂಗೆ ಮಾಡ್ದೆ?"

"ನನಗೆ ತೊಟ್ಟಿಲು ಕಟ್ಟಕ್ಕೆ ಬರಲ್ಲ ಅಜ್ಜಿ. ನೂಲಿಲ್ಲ, ಮೇಣ ಇಲ್ಲ. ನನ್ನ ಮಕ್ಕಳೂ ಎಲ್ಲಾದ್ರೂ ಮಲಗ್ಬೇಕು, ಏನಾದ್ರೂ ತಿನ್ಬೇಕು. ಎಲೆ ಇಟ್ರೆ ಅವು ತಿನ್ನಲ್ಲ."

"ಇಷ್ಟು ದೊಡ್ಡ ಗಿಡದಲ್ಲಿ ಈ ಕೂಸುಗಳನ್ನ ಹೆಂಗೆ ಹುಡುಕಿದೆ?"

"ನಾನೆಲ್ಲಿ ಹುಡುಕಿದೆ? ಇವಳೇ ದಾರಿ ತೋರಿಸಿದ್ಳು. ದಿನಾ ಬಂದು ರೆಕ್ಕೆ ಬೀಸ್ತಾಳಲ್ಲ, ಪುಡಿ ಉದುರ್ತದೆ. ಆ ಪುಡಿಯ ವಾಸನೆ ಹಿಡ್ಕೊಂಡು ಬಂದೆ."

ಗಾಳಿ ಬೀಸುವುದನ್ನು ನಿಲ್ಲಿಸಿತು.

ಅಷ್ಟರಲ್ಲಿ ಗೋಡೆಯಾಚೆಯ ನಿಂಬೆ ಗಿಡದಿಂದ ಒಂದು ಮರಿ ಚಿಟ್ಟೆ ಎದ್ದು ಬಂತು. ಕಪ್ಪು ರೆಕ್ಕೆ, ಹಳದಿ ಮಚ್ಚೆ. ಇನ್ನೂ ಒದ್ದೆಯಾಗಿದ್ದ ರೆಕ್ಕೆಯನ್ನು ಬಿಸಿಲಿಗೆ ಹರಡಿಕೊಂಡು ಗೋಡೆಯ ಮೇಲೆ ಕೂತಿತು.

"ಅವತ್ತು ಏಳನೇ ಕೂಸನ್ನ ಗೋಡೆಯಾಚೆ ಬೀಳಿಸಿದ್ದು ನಾನೇ" ಎಂದಿತು ಗಾಳಿ, ಮೆಲ್ಲಗೆ. "ಬೈತೀರಿ ಅಂತ ಸುಮ್ಮನಿದ್ದೆ. ನಿಂಬೆ ಗಿಡ ಹತ್ತಿಕೊಂಡು ಒಂದೇ ಬೆಳೀತು. ಯಾರೂ ನೋಡಕ್ಕೆ ಹೋಗ್ಲಿಲ್ಲ."

ಚಿಟ್ಟವ್ವ ಆ ಮಗುವನ್ನು ನೋಡಿದಳು. ಖಾಲಿಯಾದ ಆರು ತೊಟ್ಟಿಲುಗಳನ್ನು ನೋಡಿದಳು. ತಾನು ದಿನಾ ಗಾಳಿ ಹಾಕಿದ ಆರೂ ಹೋದವು. ಸತ್ತಿತೆಂದು ಕೈಬಿಟ್ಟ ಒಂದು ಬದುಕಿತು. ಇದು ಯಾವ ನ್ಯಾಯ? ತಾನು ಹೆಸರಿಟ್ಟ ಸಾವಿರ ತಾಯಂದಿರಲ್ಲಿ ಇಷ್ಟು ದುಃಖವನ್ನು ಮಾಳಜ್ಜಿ ಯಾರಲ್ಲೂ ಕಂಡಿರಲಿಲ್ಲ.

ಮಾಳಜ್ಜಿ ಅಂಗಳಕ್ಕೆ ಹೋಗಿ ಚಿಟ್ಟೆಯ ಮನೆಯಿಂದ ಆ ಪುಟ್ಟ ಹುಳಗಳನ್ನು ಎಬ್ಬಿಸಿದಳು. ಅವುಗಳಿಗೆ ಬೇರೆಯೇ ಒಂದು ಮನೆ ಬರೆದಳು. "ಕಣಜ, ಕಣಜ, ಕಣಜ" ಎಂದು ಹೆಸರು ಹೇಳಿದಳು. ಮೊದಲ ಸಲ, ಆ ಮನೆಯ ಬಾಗಿಲಿನಿಂದ ಚಿಟ್ಟೆಯ ಮನೆಯ ಬಾಗಿಲಿಗೆ ಒಂದು ಗೆರೆಯನ್ನೂ ಎಳೆದಳು. ಯಾರು ಯಾರ ತೊಟ್ಟಿಲಿಗೆ ಬರುತ್ತಾರೆಂದು ನೋಡಿದವರಿಗೆ ತಿಳಿಯಲಿ ಎಂದು. ಅವತ್ತಿನಿಂದ ಅವಳು ಮೊಟ್ಟೆಯಿಂದ ನೋಡದೆ ಯಾವ ಹುಳಕ್ಕೂ ಹೆಸರಿಡಲಿಲ್ಲ.

ಆಮೇಲೆ ಚಿಟ್ಟವ್ವನ ಹತ್ತಿರ ಬಂದು ಕೂತಳು.

"ನಿನಗೆ ಇನ್ನೂ ಕೆಲವು ಮೊಟ್ಟೆ ಉಳಿದವೆ."

"ಉಳಿದವೆ."

"ಏನು ಮಾಡ್ಬೇಕು ಅಂತ ನಾನು ಹೇಳಲಾರೆ ತಾಯಿ. ಹೇಳಿದ್ರೆ ನನ್ನ ನಾಲಿಗೆ ಸುಡ್ತದೆ."

"ಹೇಳೋದು ಬೇಡ ಅಜ್ಜಿ. ಗೊತ್ತಾಯ್ತು."

ಚಿಟ್ಟವ್ವ ಕರಿಬೇವಿನ ಒಂದು ಎಳೆಯ ಎಲೆಯ ಮೇಲಿಳಿದು ಒಂದೇ ಮೊಟ್ಟೆ ಇಟ್ಟಳು.

"ಒಂದು ಸಲ ಗಾಳಿ ಹಾಕಿ ಹೋಗವ್ವ" ಎಂದಿತು ಗಿಡ, ತಡೆಯಲಾರದೆ.

ಚಿಟ್ಟವ್ವ ರೆಕ್ಕೆ ಎತ್ತಿದಳು, ಮತ್ತೆ ಮಡಚಿದಳು. ಅವಳು ಹಾರಿದಳು. ದೂರದ ನಿಂಬೆಗೆ ಹೋಗಿ ಇನ್ನೊಂದು ಇಟ್ಟಳು. ಅಲ್ಲಿಂದ ಹೊಳೆಯಾಚೆಯ ಬಿಲ್ವಕ್ಕೆ ಹೋಗಿ ಮತ್ತೊಂದು ಇಟ್ಟಳು. ಎಲ್ಲಿಯೂ ನಿಲ್ಲಲಿಲ್ಲ. ಅವಳು ಕಣ್ಮರೆಯಾಗುವವರೆಗೂ ಮಾಳಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನೋಡುತ್ತಿದ್ದಳು.

ಆದ್ದರಿಂದಲೇ, ಮಕ್ಕಳೇ, ಇಂದಿಗೂ ಪುಟ್ಟ ಕಣಜವೊಂದು ಮೀಸೆಯಿಂದ ಎಲೆ ಎಲೆಯನ್ನೂ ತಟ್ಟುತ್ತ ದಾರಿ ಹುಡುಕುತ್ತದೆ. ಹಿತ್ತಲಿನ ಕರಿಬೇವಿಗೆ ಬಂದ ಚಿಟ್ಟೆ ಒಂದು ಎಲೆಗೆ ಒಂದೇ ಮೊಟ್ಟೆ ಇಟ್ಟು ತಿರುಗಿಯೂ ನೋಡದೆ ಹಾರಿಹೋದರೆ ಅವಳಿಗೆ ಕರುಳಿಲ್ಲ ಎನ್ನಬೇಡಿ, ಮಗು ಬದುಕಲಿ ಎಂದೇ ಅವಳು ಮತ್ತೆ ಬರುವುದಿಲ್ಲ.