ಮೂಗು ಚುಚ್ಚಿಸಿಕೊಂಡ ಏಳು ಮಂದಿ

ಅರಳಿಹಾಳದ ಮಠವೆಂದರೆ ಹೇಳಿಕೊಳ್ಳುವಂಥ ಮಠವೇನಲ್ಲ. ಮಣ್ಣಿನ ಮಾಳಿಗೆಯ ಎರಡು ಅಂಕಣ, ಮುಂದೊಂದು ಬೇವಿನ ಮರ, ಸುತ್ತಲೂ ಕಣ್ಣು ಹಾಯುವಷ್ಟು ದೂರ ಎರೆಹೊಲ. ಪೂಜ್ಯ ಮರುಳಯ್ಯಜ್ಜನವರು ತಮ್ಮ ಬಾಳನ್ನೆಲ್ಲ ಅಲ್ಲಿಯೇ ಒಂದು ಹಳೆಯ ಕಂಬಳಿಯ ಮೇಲೆ ಕುಳಿತು, ದೀಪಕ್ಕೆ ಬತ್ತಿ ಹೊಸೆಯುತ್ತ ಕಳೆದರು. ಹತ್ತಿ ಬಿಡಿಸುವ ಕಾಲದಲ್ಲಿ ಗಾಳಿ ಬೀಸಿತೆಂದರೆ ಹೊಲದ ಅರಳೆ ತೇಲಿ ಬಂದು ಹೊಸ್ತಿಲ ಮೇಲೆ, ಭಕ್ತರ ತಲೆಯ ಮೇಲೆ, ಅಜ್ಜನವರ ಗಡ್ಡದ ಮೇಲೆ ಕೂರುತ್ತಿತ್ತು. ಗಡ್ಡ ಯಾವುದು, ಅರಳೆ ಯಾವುದು ತಿಳಿಯುತ್ತಿರಲಿಲ್ಲ. ಅಂಥ ಮಧ್ಯಾಹ್ನಗಳಲ್ಲಿ ಮಠಕ್ಕೆ ಹೋದವರಿಗೆ ತಾವು ಎಚ್ಚರವಾಗಿದ್ದೇವೋ ಕನಸಿನಲ್ಲಿದ್ದೇವೋ ಎಂಬ ಅನುಮಾನ ಬರುತ್ತಿತ್ತೆಂದು ಕಂಡವರು ಹೇಳುತ್ತಾರೆ.

ಆ ಮಠ ಒಂದು ಹರಕೆಗೆ ಹೆಸರುವಾಸಿ. ಹುಟ್ಟಿದ ಗಂಡುಮಕ್ಕಳು ಒಂದಾದ ಮೇಲೊಂದು ತೀರಿಹೋದ ಮನೆಯವರು ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ಮಠಕ್ಕೆ ತಂದು ಮೂಗು ಚುಚ್ಚಿಸುತ್ತಿದ್ದರು. ಐದು ವರ್ಷ ತುಂಬುವವರೆಗೆ ಲಂಗ ಉಡಿಸಿ, ಜಡೆ ಹೆಣೆದು ಹೆಣ್ಣಿನಂತೆ ಸಾಕುವುದು. ಮೃತ್ಯು ಬಂದು ಇಣುಕಿ ನೋಡಿ, ತಾನು ಹುಡುಕಿಕೊಂಡು ಬಂದ ಕೂಸು ಇದಲ್ಲವೆಂದು ತಿರುಗಿ ಹೋಗಲಿ ಎಂಬುದು ಪಾಪ, ಆ ತಾಯಂದಿರ ಉಪಾಯ.

ಡಾಕ್ಟರ್ ಸೋಮಲಿಂಗಪ್ಪ ಕೊಟಬಾಗಿಯವರ ಮನೆಯಲ್ಲೂ ಎರಡು ಕೂಸುಗಳು ಹಾಗೆ ಹೋಗಿದ್ದವು. ಡಾಕ್ಟರರಿಗೆ ಹರಕೆಯಲ್ಲಿ ನಂಬಿಕೆ ಇರಲಿಲ್ಲ. ಆದರೂ ಮೂರನೆಯದು ಹುಟ್ಟಿದಾಗ ಹೆಂಡತಿ ನಿಂಬೆವ್ವ ಸೆರಗೊಡ್ಡಿ ಬೇಡಿಕೊಂಡಳೆಂದು ಸುಮ್ಮನಾದರು. ಕೂಸಿಗೆ ತಿಪ್ಪಣ್ಣನೆಂದು ಹೆಸರಾಯಿತು, ಮೂಗು ಚುಚ್ಚಿಸಿದ್ದಾಯಿತು, ಕೂಸು ಉಳಿಯಿತು. ಹತ್ತೊಂಬತ್ತು ತುಂಬಿದಾಗ ಒಂದು ದಿನ ಅದು ತಂದೆಯ ಮುಂದೆ ನಿಂತು, ನಾನು ಗಂಡಲ್ಲ, ಒಳಗಿನಿಂದ ಎಂದೂ ಗಂಡಾಗಿರಲಿಲ್ಲ, ಹೀಗೇ ಇರು ಎಂದರೆ ನನ್ನಿಂದ ಬದುಕುವುದಾಗದು ಎಂದಿತು.

ಡಾಕ್ಟರರು ಪೇಟೆಯಿಂದ ದಪ್ಪನೆಯ ಪುಸ್ತಕವೊಂದನ್ನು ತರಿಸಿದರು. ಹೀಗಾಗುವುದಕ್ಕೆ ಬೆಳೆಸಿದ ರೀತಿ ಕಾರಣವಿರಬಹುದೆಂದು ಅದರ ಒಂದು ಅಧ್ಯಾಯ ಹೇಳುತ್ತಿತ್ತು. ಗರ್ಭದಲ್ಲಿರುವಾಗಲೇ ಮಿದುಳಿನ ಮೇಲೆ ಹಾರ್ಮೋನುಗಳು ಮಾಡಿದ ಪರಿಣಾಮವಿರಬಹುದೆಂದು ಇನ್ನೊಂದು ಅಧ್ಯಾಯ ಹೇಳುತ್ತಿತ್ತು. ಮೊದಲಿನದನ್ನು ಅವರು ಹೆಂಡತಿಗೆ ಓದಿ ಹೇಳಿದರು, ‘ಇರಬಹುದು’ ಎಂಬ ಮಾತನ್ನು ಮಾತ್ರ ನುಂಗಿಕೊಂಡರು. ಎರಡನೆಯದನ್ನು ಒಬ್ಬರೇ ಓದಿ ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅಂದಿನಿಂದ ನಿಂಬೆವ್ವ ಸರಿಯಾಗಿ ಉಣ್ಣಲಿಲ್ಲ. ಕಲಿತವರ ಅಂಜಿಕೆಯೂ ಕಲಿತಂತೆಯೇ ಮಾತಾಡುತ್ತದೆ ನೋಡಿ, ಹೊರಗಿನವರಿಗೆ ಅದು ವಿಚಾರದಂತೆ ಕೇಳಿಸುತ್ತದೆ.

ಒಂದು ಅಮಾವಾಸ್ಯೆಯ ದಿನ ಡಾಕ್ಟರರು ಹೆಂಡತಿಯನ್ನೂ ಕೂಸನ್ನೂ ಕಾರಿನಲ್ಲಿ ಕೂರಿಸಿಕೊಂಡು, ಅರಿವೆ ತುಂಬಿದ ಟ್ರಂಕನ್ನೂ ಇಟ್ಟುಕೊಂಡು ಅರಳಿಹಾಳಕ್ಕೆ ಬಂದರು. ಕೂಸಿಗೆ ಇಳಿಯಬೇಡವೆಂದು ಹೇಳಿ, ಬಿಸಿಲಲ್ಲೇ ಕಾರು ಬಿಟ್ಟು ಒಳಗೆ ಬಂದು, ನಮಸ್ಕಾರವನ್ನೂ ಮಾಡದೆ ನಿಂತರು.

“ಅಜ್ಜಾರ, ನಮ್ಮ ಹುಡುಗ ಕೆಟ್ಟದ್ದು ನಿಮ್ಮ ಹರಕಿಯಿಂದ. ಮೂಗ ಚುಚ್ಚಿದವ್ರು ನೀವು, ಲಂಗಾ ಉಡಸ್ರಿ ಅಂದವ್ರು ನೀವು. ಈಗ ಅಂವ ನಾ ಹೆಣ್ಣ ಅಂತಾನ. ಟ್ರಂಕ್ ತಂದೀನಿ. ಅಂವನ್ನ ನೀವ ಇಟ್ಕೋರಿ.”

ನಿಂಬೆವ್ವ ಕಂಬಕ್ಕೆ ಹಣೆ ಹಚ್ಚಿ, “ನನ್ನ ಕೈಯಾರ ಕೆಡಿಸಿದ್ನೆಪಾ” ಎಂದಳು.

ಅಜ್ಜನವರು ಕೈಯಲ್ಲಿದ್ದ ಬತ್ತಿಯನ್ನು ಹೊಸೆದು ಮುಗಿಸಿದರು. ಆಮೇಲೆ ಒಳಮನೆಯ ಕಡೆಗೆ ತಿರುಗಿ, “ಮೂಗ ಚುಚ್ಚಿಸಿಕೊಂಡವ್ರು ಎಷ್ಟ ಮಂದಿ ಅದೀರಿ, ಇತ್ತ ಬರ್ರೆಪಾ” ಎಂದು ಕರೆದರು.

ಹರಕೆಯಿಂದ ಉಳಿದವರು ಅಮಾವಾಸ್ಯೆಗೆ ಬಂದು ಮಠದಲ್ಲಿ ಅಡುಗೆ ಮಾಡಿ ಬಡಿಸುವುದು ಅಲ್ಲಿಯ ರೂಢಿ. ಒಬ್ಬರ ಹಿಂದೊಬ್ಬರು ಬಾಗಿಲು ದಾಟಿ ಬಂದು ಸಾಲಾಗಿ ನಿಂತರು. ಏಳು ಮಂದಿ. ಹುರಿ ಮೀಸೆಯ ಪೈಲ್ವಾನನೊಬ್ಬ, ಹಿಟ್ಟು ಮೆತ್ತಿದ ತೋಳಿನ ಅಡುಗೆಯವನೊಬ್ಬ, ನೇಗಿಲು ಹಿಡಿದು ಅಂಗೈ ಕಲ್ಲಾದ ಮುದುಕನೊಬ್ಬ, ಹೀಗೆ. ಬಾಗಿಲಿನಿಂದ ಬಿಸಿಲು ಅವರ ಮುಖದ ಮೇಲೆ ಬಿದ್ದಿತ್ತು. ಅರಳೆ ಮೆಲ್ಲಗೆ ಇಳಿಯುತ್ತ ಅವರ ಮೀಸೆಗಳ ಮೇಲೆ ಕೂತಿತು. ಡಾಕ್ಟರರಿಗೆ ಯಾರೋ ತಮ್ಮನ್ನು ಮೆಲ್ಲಗೆ ನೀರಿನೊಳಗೆ ಇಳಿಸುತ್ತಿರುವಂತೆ ಅನ್ನಿಸಿತು.

“ಎಲ್ಲಾರೂ ಐದೈದ ವರ್ಷ ಲಂಗಾ ಉಟ್ಟವ್ರ. ಈ ಪೈಲ್ವಾನಗ ಐದ ಮಕ್ಕಳು” ಎಂದರು ಅಜ್ಜನವರು.

“ಆರ್ರೀ ಅಜ್ಜಾ, ಮೊನ್ನೆ ಮತ್ತೊಂದಾತು” ಎಂದು ಪೈಲ್ವಾನ ನಾಚಿಕೊಂಡ.

ಡಾಕ್ಟರರು ಹತ್ತಿರ ಹೋಗಿ ಒಬ್ಬೊಬ್ಬರ ಮೂಗನ್ನೂ ನೋಡಿದರು. ಎಡಗಡೆ ಮುಚ್ಚಿಹೋದ ಸಣ್ಣ ಚುಕ್ಕೆ, ಏಳೂ ಮಂದಿಗೆ. ಅವರು ತಿರುಗಿದಾಗ ಅಜ್ಜನವರೂ ನಗುತ್ತ ತಮ್ಮ ಮುಖವನ್ನು ಬೆಳಕಿಗೆ ಹಿಡಿದಿದ್ದರು. ಅವರ ಮೂಗಿನಲ್ಲೂ ಅದೇ ಚುಕ್ಕೆ ಇತ್ತು.

ನಿಂಬೆವ್ವ ಕಂಬದಿಂದ ಹಣೆ ಎತ್ತಿದಳು. “ಹಂಗಾರ ನಾ ಕೆಡಿಸಿಲ್ಲೇನ್ರೀ?” ಎಂದು ಗಂಡನನ್ನು ಕೇಳಿದಳು. ಅಜ್ಜನವರನ್ನಲ್ಲ, ಗಂಡನನ್ನು.

ಆ ಕಣ್ಣುಗಳ ಮುಂದೆ ಡಾಕ್ಟರರಿಗೆ ಸುಮ್ಮನಿರಲು ಆಗಲಿಲ್ಲ. “ನೀ ಅಲ್ಲ, ನಿಂಬವ್ವಾ” ಎಂದರು. ಅವರ ದನಿ ಅವರಿಗೇ ದೂರದಿಂದ ಕೇಳಿಸಿತು. “ನೀ ಬಸುರಿದ್ದಾಗ ನೆತ್ತರ ಕಾಣಿಸ್ತು. ಇದೂ ಹೋಗಿಬಿಡ್ತದ ಅಂತ ಹೆದರಿ ನಾ ನಿನಗ ಹಾರ್ಮೋನ್ ಗುಳಿಗಿ ಕೊಟ್ಟಿದ್ದೆ. ಪುಸ್ತಕದಾಗ ಅದೂ ಕಾರಣ ಇರಬಹುದು ಅಂತ ಬರದಾರ. ನಿನಗ ಹೇಳಲಿಲ್ಲ. ತಪ್ಪು ನಿನ್ನ ಮ್ಯಾಲೆ ಹಾಕಿ ಆರಾಮ ಕುಂತೆ.”

ಬೈಗುಳಕ್ಕೆ ಕಾದು ಅವರು ತಲೆ ತಗ್ಗಿಸಿದರು. ನಿಂಬೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, “ಆ ಗುಳಿಗಿ ನುಂಗಿದ ಮ್ಯಾಲೆನ ನೆತ್ತರ ನಿಂತಿತ್ರೀ. ಕೂಸು ಉಳೀತು” ಎಂದಳು.

ಪರೀಕ್ಷೆಯ ಕೋಣೆಯಲ್ಲಿ ಉತ್ತರ ಮರೆತ ಹುಡುಗನ ಹಾಗೆ ಡಾಕ್ಟರರು ಅಜ್ಜನವರ ಕಡೆ ನೋಡಿದರು. “ಹಂಗಾರ ತಪ್ಪು ಯಾರದು, ಅಜ್ಜಾರ?”

“ಯಾರದು ಅಂತ ಹುಡಕಬೇಕಾದ್ರ ಮೊದಲ ತಪ್ಪು ಆಗಿರಬೇಕಲ್ಲಪಾ” ಎಂದರು ಅಜ್ಜನವರು. “ಕಾರಣ ಬೇಕಾದ್ರ ಹುಡಕು, ಅದು ನಿನ್ನ ಕಸುಬು. ಮಗಳು ಬಿಸಲಾಗ ಕುಂತಾಳ. ಮೊದಲ ಹೋಗಿ ಒಳಗ ಕರಕೊಂಡ ಬಾ.”

ಮಗಳು. ಆ ಶಬ್ದವನ್ನು ಅಜ್ಜನವರು ಬತ್ತಿ ತೆಗೆದು ಹಣತೆಗೆ ಇಡುವಷ್ಟು ಸಹಜವಾಗಿ ಆಡಿದ್ದರು. ಡಾಕ್ಟರರು ಎಷ್ಟೋ ದಿನದಿಂದ ಬಾಯಿಗೆ ಬರಗೊಡದ ಶಬ್ದ ಅದು. ಅವರು ಆಗಲೇ ಆ ಕಂಬಳಿಯ ಅಂಚಿಗೆ ಹಣೆ ಹಚ್ಚಿ, ಎದ್ದು ಹೊರಗೆ ನಡೆದರು.

ಕಾರಿನ ಗಾಜು ಇಳಿದಿತ್ತು. ಹಿಂದಿನ ಸೀಟಿನಲ್ಲಿ ಟ್ರಂಕಿನ ಮೇಲೆ ಕೈಯಿಟ್ಟುಕೊಂಡು ಅವಳು ಕುಳಿತಿದ್ದಳು. ತನ್ನನ್ನು ಇಲ್ಲಿಯೇ ಬಿಟ್ಟು ಹೋಗುತ್ತಾರೆಂದು ಅವಳಿಗೆ ಗೊತ್ತಿತ್ತು, ಇಳಿಯಲು ತಯಾರಾಗಿಯೇ ಇದ್ದಳು. ಡಾಕ್ಟರರು ಬಾಗಿಲು ತೆಗೆದರು. ಈ ಕೂಸಿನ ನೆತ್ತರನ್ನು ಪರೀಕ್ಷೆ ಮಾಡಿಸಿದ್ದರು, ತಲೆಯ ಫೋಟೋ ತೆಗೆಸಿದ್ದರು, ಪುಸ್ತಕದ ಪುಟಪುಟದಲ್ಲಿ ಹುಡುಕಿದ್ದರು. ಕೂಸನ್ನೇ ಒಂದು ಮಾತು ಕೇಳಿದ್ದು ಮಾತ್ರ ನೆನಪಿಗೆ ಬರಲಿಲ್ಲ.

“ಹೆಸರ ಏನಂತ ಇಟ್ಕೊಂಡೀ, ಅವ್ವಾ?”

ಅವಳು ತಂದೆಯ ಮುಖವನ್ನು ನೋಡಿಯೇ ನೋಡಿದಳು. ತಮಾಷೆ ಮಾಡುತ್ತಿಲ್ಲವೆಂದು ಗೊತ್ತಾಗಲು ಅಷ್ಟು ಹೊತ್ತು ಬೇಕಾಯಿತು.

“ಕಸ್ತೂರಿ.”

“ಯಾವಾಗಿಂದ?”

“ಎಂಟನೇ ವರ್ಷದಿಂದ, ಅಪ್ಪಾಜಿ.”

ಹನ್ನೊಂದು ವರ್ಷ ಆ ಹೆಸರಿನವಳೊಬ್ಬಳು ತಮ್ಮ ಮನೆಯಲ್ಲೇ ಉಂಡು, ಮಲಗಿ, ಯಾರೂ ಕರೆಯದೆ ಬೆಳೆದಿದ್ದಳಲ್ಲ ಎಂದುಕೊಂಡರು ಡಾಕ್ಟರರು. ಅವಳ ಕೈ ಹಿಡಿದು ಇಳಿಸಿಕೊಂಡರು. ಒಳಗೆ ಊಟದ ಪಂಕ್ತಿ ಕೂತಿತ್ತು, ಏಳೂ ಮಂದಿ ಬಡಿಸುತ್ತಿದ್ದರು. ನಿಂಬೆವ್ವ ಎದ್ದು ನಿಂತಳು. ಊರಿನ ಜನ ಉಣ್ಣುವುದನ್ನು ಬಿಟ್ಟು ತಲೆಯೆತ್ತಿ ನೋಡಿದರು. ಡಾಕ್ಟರರು ಹೊಸ್ತಿಲ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು:

“ಇಕಿ ನನ್ನ ಮಗಳು, ಕಸ್ತೂರಿ. ಮುಂಜಾನಿಂದ ಉಪವಾಸ ಅದಾಳ. ಅವರ ಅವ್ವನ ಮಗ್ಗಲಕ ಒಂದು ತಾಟ ಹಾಕ್ರಿ.”