ಗಿಣಿಯ ಸರದಿ

ಇದನ್ನು ನನಗೆ ಮೊದಲು ಹೇಳಿದವರು ರಾಜ್ಯಶಾಸ್ತ್ರದ ವಾರಿಜಾ ಮೇಡಂ, ಪಾಠ ಬೇಗ ಮುಗಿದ ಒಂದು ದಿನ.

ಕೆರೆಯ ಪ್ರಾಣಿಗಳ ಸಭೆಗೆ ಆಮೆ ಅಧ್ಯಕ್ಷ. ಹಕ್ಕಿಗಳ ಪರವಾಗಿ ಯಾರು ಮಾತಾಡಬೇಕೆಂದು ಅವುಗಳ ನಾಯಕ ನವಿಲು ಚೀಟಿ ಬರೆದು ಕೊಡುತ್ತಿತ್ತು. ಅದರಲ್ಲಿ ಗಿಣಿಯ ಹೆಸರು ಸದಾ ಇರುತ್ತಿತ್ತು, ಹೇಳಿಕೊಟ್ಟಷ್ಟನ್ನೇ ಹೇಳುತ್ತದಲ್ಲ!

ಒಂದು ಸಭೆಯಲ್ಲಿ ನೀರುಕೋಳಿ ಎದ್ದು ನಿಂತಿತು. "ಸ್ವಾಮಿ, ನನ್ನ ಗೂಡಿನ ಪಕ್ಕದಲ್ಲೇ ಕೆರೆಯ ಏರಿ ಬಿರುಕು ಬಿಟ್ಟು ಸೋರ್ತಿದೆ..."

"ಕೂತ್ಕೊಳ್ಳಮ್ಮ, ಚೀಟಿಯಲ್ಲಿ ನಿನ್ನ ಹೆಸರಿಲ್ಲ," ಎಂದಿತು ಆಮೆ. "ಗಿಣಿ ಮಾತಾಡಲಿ."

"ನಮ್ಮ ನಾಯಕರ ಗರಿಗಳ ವೈಭವ..." ಎಂದು ಶುರುಮಾಡಿದ ಗಿಣಿ ಅಲ್ಲೇ ನಿಲ್ಲಿಸಿತು. ಅದು ವಾಸವಿದ್ದ ಮರವೂ ಏರಿಯ ಮೇಲೆಯೇ ಇತ್ತು. ನೀರುಕೋಳಿಯ ಕಡೆ ತಿರುಗಿ, "ಅಕ್ಕಾ, ನೀನು ಮೆಲ್ಲಗೆ ಹೇಳಿಕೊಡು, ನಾನು ಜೋರಾಗಿ ಹೇಳ್ತೀನಿ," ಎಂದಿತು.

"ಅಧ್ಯಕ್ಷರೇ, ಇದು ನಿಯಮಬಾಹಿರ!" ನವಿಲು ಕಿರುಚಿತು.

ಆಮೆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿತು. "ಮಾತಾಡುತ್ತಿರುವುದು ಗಿಣಿಯೇ. ಹೇಳಿಕೊಟ್ಟದ್ದನ್ನು ಹೇಳುವುದು ಅದರ ಹಳೇ ಪದ್ಧತಿ. ಇಷ್ಟು ದಿನ ತಾವೇನೂ ಆಕ್ಷೇಪಿಸಲಿಲ್ಲವಲ್ಲ?"

ನೀರುಕೋಳಿ ಹೇಳಿಕೊಟ್ಟಿತು, ಗಿಣಿ ಕೂಗಿತು. ಬಿರುಕು ಎಲ್ಲಿದೆ ಎಂದು ತಿಳಿದದ್ದೇ ತಡ, ಏಡಿ, ಕಪ್ಪೆಗಳೆಲ್ಲ ಮಣ್ಣು ಮೆತ್ತಲು ಓಡಿದವು. ಸಂಜೆಯೊಳಗೆ ಸೋರುವುದು ನಿಂತಿತು, ಕೆರೆ ಉಳಿಯಿತು.

ಮುಂದಿನ ಸಭೆಯ ಚೀಟಿಯಲ್ಲಿ ನವಿಲು ನೀರುಕೋಳಿಯ ಹೆಸರನ್ನೂ ಬರೆದಿತ್ತು, ಕಟ್ಟಕಡೆಗೆ, ಇರುವೆಯಷ್ಟು ಅಕ್ಷರದಲ್ಲಿ. ಆಮೆ ಅದನ್ನೇ ಮೊದಲು ಓದಿತು.

ನಿಮಗೆ ಗೊತ್ತಿರುವ ಶಾಸಕರು ಯಾರಾದರೂ ಇದ್ದರೆ, ಅವರ ಕಿವಿಗೂ ಇದನ್ನೊಂದಿಷ್ಟು ಹಾಕಿಬಿಡಿ.