ತಟ್ಟುವಂತಿಲ್ಲ

"ಕಾವ್ಯದ ಗಂಧಗಾಳಿ ಇಲ್ಲದವರೆಲ್ಲ ನನ್ನ ಕಾವ್ಯದಲ್ಲಿ ತಪ್ಪು ಹುಡುಕುತ್ತಾರೆ. ಆ ಅಧಿಕಾರವನ್ನು ಅವರಿಗೆ ಕೊಟ್ಟವರು ಯಾರು, ಗುರುಗಳೇ?"

ಕೇಳಿದವನು ಬಸವಂತ. ಹತ್ತು ವರ್ಷ ಮಠದಲ್ಲಿ ಓದಿದ ಶಿಷ್ಯ. ಮೂರು ವರ್ಷ ಕೂತು ಒಂದು ಕಾವ್ಯ ಬರೆದಿದ್ದ. ಮರುದಿನ ಬೆಳಿಗ್ಗೆ ಅದನ್ನು ರಾಜಧಾನಿಗೆ ಒಯ್ದು ವಿದ್ವಾಂಸರ ಸಭೆಯಲ್ಲಿ ಓದುವವನಿದ್ದ. ಸಭೆ ಒಪ್ಪಿದರೆ ಆಸ್ಥಾನದಲ್ಲಿ ಜಾಗ. ಒಪ್ಪದಿದ್ದರೆ ಮತ್ತೆ ಆ ಬಾಗಿಲು ತಟ್ಟುವಂತಿಲ್ಲ. ಹೊರಡುವ ಮೊದಲು ಮಠದವರಿಗೊಮ್ಮೆ ಓದಿ ಹೇಳೋಣವೆಂದು ಕೂತದ್ದೇ ತಪ್ಪಾಯಿತು. ತೋಟದ ಮಾಲಿ ಎರಡು ಸಲ ಆಕಳಿಸಿದ. ಜೊತೆಯಲ್ಲಿ ಓದಿದವನೊಬ್ಬ, ಹನ್ನೆರಡನೆಯ ಪದ್ಯ ಹೇಳಿದ್ದನ್ನೇ ಇಪ್ಪತ್ತನೆಯದೂ ಹೇಳುತ್ತದಲ್ಲ ಎಂದ. ಅದೂ ಹೋಗಲಿ, ಅಡುಗೆಯ ಈರಯ್ಯ ಕೈ ಒರೆಸಿಕೊಳ್ಳುತ್ತ ಬಂದು, "ನಿಮ್ಮ ರಾಣಿ ಅಳೋಕೆ ಕೂತು ನಲವತ್ತು ಪದ್ಯ ಆಯ್ತು ಸ್ವಾಮಿ, ನಡುವೆ ಒಂದು ತುತ್ತು ಅನ್ನ ಬ್ಯಾಡವೇ ಆಕೆಗೆ?" ಎಂದು ಕೇಳಿದ. ಎಲ್ಲರೂ ನಕ್ಕರು. ಬಸವಂತನಿಗೆ ಮೈಯೆಲ್ಲ ಉರಿದುಹೋಯಿತು.

ಅವನು ಕಾವ್ಯದ ಕಟ್ಟನ್ನು ಗುರುಗಳ ಮುಂದಿಟ್ಟ. "ನೀವಾದರೂ ನೋಡಿ ಒಂದು ಮಾತು ಹೇಳಿ. ತಿದ್ದುವುದಕ್ಕೆ ಮಾತ್ರ ಅದರಲ್ಲಿ ಏನೂ ಉಳಿದಿಲ್ಲ."

ಗುರುಗಳು ಕಟ್ಟನ್ನು ಮುಟ್ಟಲಿಲ್ಲ. "ಬೆಳಗಿನಿಂದ ಇದನ್ನು ನಾಲ್ಕನೆಯ ಸಲ ಕೇಳುತ್ತಿದ್ದೀಯೆ. ಕೂತುಕೋ. ಒಂದು ಕತೆ ಹೇಳುತ್ತೇನೆ. ಮುಗಿಯುವವರೆಗೆ ಬಾಯಿ ಬಿಡಬೇಡ" ಎಂದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಕೈ ಒಳ್ಳೆಯದು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಆ ಸಿಟ್ಟಿಗೆ ಕಾರಣ ಒಂದೇ: ಸಂತೆಗೆ ಬಂದವರು ಮಡಕೆಯನ್ನು ತಟ್ಟಿ ನೋಡುತ್ತಿದ್ದರು. ಮಡಕೆ ಕೊಳ್ಳುವವರು ಎಲ್ಲ ಊರಿನಲ್ಲೂ ಮಾಡುವುದು ಅದನ್ನೇ. ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಡುತ್ತಾರೆ. ಗಟ್ಟಿಯಾದದ್ದು ಟಣ್ ಎನ್ನುತ್ತದೆ. ಬಿರುಕು ಬಿಟ್ಟದ್ದು ಬದ್ ಎನ್ನುತ್ತದೆ. ಇದಕ್ಕೆ ಯಾವ ವಿದ್ಯೆಯೂ ಬೇಡ. ಕುಂಬಾರನಿಗೆ ಸಹಿಸಲಾಗದೇ ಇದ್ದದ್ದೂ ಅದೇ. ಮಣ್ಣು ತಿರುಗಿಸುವ ತಿಗರಿಯ ಮುಂದೆ ಒಂದು ಗಳಿಗೆ ಕೂರದವರು, ಯಾವ ಕೆರೆಯ ಮಣ್ಣು ಯಾವುದಕ್ಕೆ ಎಂದು ತಿಳಿಯದವರು, ಇವರು ತನ್ನನ್ನು ಪರೀಕ್ಷೆ ಮಾಡುವವರೇ? ಹತ್ತು ಜನ ತಟ್ಟಿದರೆ ಒಬ್ಬರು ಕೊಳ್ಳುತ್ತಿದ್ದರು. ಇನ್ನು ಕೆಲವರಿಗೆ ಕೊಳ್ಳುವ ಯೋಚನೆಯೇ ಇರುತ್ತಿರಲಿಲ್ಲ. ಕೈ ಸುಮ್ಮನಿರದೆ ತಟ್ಟಿ ಹೋಗುತ್ತಿದ್ದರು.

ಒಂದು ಸಂತೆಯಲ್ಲಿ ಒಬ್ಬ ಮುದುಕಿ ಬಂದು ಸಾಲಾಗಿ ಏಳು ಮಡಕೆ ತಟ್ಟಿದಳು. ಎಂಟನೆಯದು ಅವನು ಮುತುವರ್ಜಿಯಿಂದ ಮಾಡಿದ್ದು, ಕೊರಳ ಸುತ್ತ ಬಳ್ಳಿ ಬರೆದದ್ದು. ಅದನ್ನೂ ತಟ್ಟಿದಳು. ಮುಖ ಕಿವುಚಿ, "ಯಾಕೋ ಬದ್ ಅಂತೈತೆ ಕಣಪ್ಪ" ಎಂದು ಕೆಳಗಿಟ್ಟು ನಡೆದಳು.

ಕುಂಬಾರನ ಸಿಟ್ಟು ಅಂದು ಇಳಿಯಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಈಗ ದೊಣ್ಣೆಯೂ ಬೇಡ, ಮುದುಕಿಯ ಬೆರಳೇ ಸಾಕು ಎಂದು ಮನೆಯವರೆಗೂ ಗೊಣಗಿದ. ಆ ಮಡಕೆಯನ್ನು ತಾನು ಇನ್ನೊಮ್ಮೆ ತಟ್ಟಿ ನೋಡಬಹುದಿತ್ತು. ಅದಕ್ಕೆ ಮಾತ್ರ ಅವನಿಗೆ ಮನಸ್ಸು ಬರಲಿಲ್ಲ.

ಮುಂದಿನ ಸಂತೆಯಲ್ಲಿ ಅವನು ನಾಲ್ಕು ಗೂಟ ನೆಟ್ಟು, ಸುತ್ತ ಹಗ್ಗ ಕಟ್ಟಿ, ಒಳಗೆ ಮಡಕೆಗಳನ್ನು ಜೋಡಿಸಿದ. "ಕಣ್ಣಲ್ಲಿ ನೋಡಿ. ಯಾರೂ ತಟ್ಟುವಂತಿಲ್ಲ" ಎಂದ. ಜನ ಜಗಳಕ್ಕೆ ಬಂದಾರು ಎಂದು ಒಂದು ಕೋಲನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದ.

ಒಬ್ಬರೂ ಜಗಳಕ್ಕೆ ಬರಲಿಲ್ಲ. ಹಗ್ಗದ ಆಚೆ ನಿಂತು ನೋಡಿದರು. ಎಂಥ ಬಳ್ಳಿ, ಎಂಥ ನುಣುಪು, ಕೈಯೋ ಇದು ದೇವರು ಕೊಟ್ಟ ವರವೋ ಎಂದು ಬಾಯ್ತುಂಬ ಹೊಗಳಿದರು. ಹೊಗಳಿ ಮುಂದೆ ಹೋದರು. ಮುಂದೆ ಇನ್ನೊಬ್ಬ ಕುಂಬಾರ ಕೂತಿದ್ದ. ಅವನ ಮಡಕೆಗಳಲ್ಲಿ ಒಂದು ಅತ್ತ ವಾಲಿದರೆ ಇನ್ನೊಂದು ಇತ್ತ ವಾಲುತ್ತಿತ್ತು. ಅವನ್ನು ತಟ್ಟಿದರು, ಸೊಟ್ಟ ಎಂದು ಆಡಿಕೊಂಡರು, ಅವನ ಎದುರಿಗೇ ಬೈದರು. ಕೊನೆಗೆ ಒಂದನ್ನು ಸೊಂಟಕ್ಕೇರಿಸಿಕೊಂಡು ಮನೆಗೆ ಹೋದರು.

ನಮ್ಮ ಕುಂಬಾರ ಅತ್ತ ನೋಡಲಿಲ್ಲ. ಅಂದು ಒಬ್ಬನೂ ಒಂದು ಕೆಟ್ಟ ಮಾತು ಆಡಿರಲಿಲ್ಲ, ಅಷ್ಟೇ ಅವನಿಗೆ ಸಾಕಾಗಿತ್ತು. ಮನೆಗೆ ಬಂದು ಹೆಂಡತಿಗೂ ಅದನ್ನೇ ಹೇಳಿದ. ಅವಳು ಗಾಡಿಯ ಕಡೆ ನೋಡಿದಳು. ಒಯ್ದ ಮಡಕೆಗಳೆಲ್ಲ ಹಿಂದಕ್ಕೆ ಬಂದಿದ್ದವು. ಅವಳು ಅವನ್ನು ಒಂದೊಂದಾಗಿ ಇಳಿಸಿ ಒಳಗಿಟ್ಟಳು.

ಸುದ್ದಿ ಊರ ಗೌಡನಿಗೆ ಮುಟ್ಟಿತು. ಗೌಡ ಕುಂಬಾರನಿಗೆ ಶಾಲು ಹೊದಿಸಿದ, ಮನೆಗೆ ಕಾಳು ಕಳಿಸಿದ, ಬಳ್ಳಿಯ ಮಡಕೆಗಳನ್ನು ಚಾವಡಿಯಲ್ಲಿ ಸಾಲಾಗಿ ಇಡಿಸಿ ಬಂದವರಿಗೆಲ್ಲ ತೋರಿಸಿದ. ನೋಡಿದವರಿಗೆ ಬಾಯಾರಿದರೆ ನೀರು ಬರುತ್ತಿದ್ದದ್ದು ಆ ಇನ್ನೊಬ್ಬನ ಸೊಟ್ಟ ಮಡಕೆಯಿಂದ. ಕುಂಬಾರನ ಹೆಸರು ಏಳು ಊರಿಗೆ ಹಬ್ಬಿತು. ಹಿಂದೆಲ್ಲ ಮಡಕೆ ಸುಟ್ಟ ಆವಿಗೆ ಬಿಚ್ಚಿದ ಕೂಡಲೇ ಅವನು ಪ್ರತಿ ಮಡಕೆಯನ್ನೂ ತಾನೇ ತಟ್ಟುತ್ತಿದ್ದ. ಸಂತೆಯ ಮುದುಕಿಯರ ಕೈಗೆ ಸಿಕ್ಕಿ ಮಾನ ಹೋಗುವ ಮೊದಲೇ ಹುಳುಕನ್ನು ಒಡೆದು ಎಸೆಯುತ್ತಿದ್ದ. ಈಗ ಆ ಭಯವಿರಲಿಲ್ಲ. ಮಣ್ಣು ತುಳಿಯುವುದು ಅರ್ಧಕ್ಕೆ ಇಳಿಯಿತು. ಬಳ್ಳಿ ಬರೆಯುವುದು ಎರಡರಷ್ಟಾಯಿತು.

ಬೇಸಿಗೆಯ ಒಂದು ಸಂತೆ. ಹಗ್ಗದ ಸುತ್ತ ಜನ ಕಿಕ್ಕಿರಿದು ಹೊಗಳುತ್ತಿದ್ದರು. ಕುಂಬಾರ ಅವರ ತಲೆಗಳ ಮೇಲಿಂದ ಆಚೆ ನೋಡಿದ. ಸೊಟ್ಟ ಮಡಕೆಗಳ ಮುಂದೆ ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತು ಒಂದನ್ನು ತಟ್ಟಿ ಕೆಳಗಿಟ್ಟು, ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದಳು. ಬೆನ್ನು ನೋಡಿಯೇ ಗುರುತು ಸಿಕ್ಕಿತು. ಅವನ ಹೆಂಡತಿ.

ಅವನು ತಾನು ಕಟ್ಟಿದ ಹಗ್ಗವನ್ನು ತಾನೇ ಹಾರಿ ಓಡಿದ. "ನನ್ನ ಮಾನ ಕಳೀಬೇಕು ಅಂತಲೇ ಬಂದೆಯೇನೇ? ಮನೆ ತುಂಬ ಮಡಕೆ ಇಟ್ಕೊಂಡು ಇವನ ಹತ್ರ ಯಾಕೆ ಬಂದೆ?"

ಅವಳು ಏಳಲಿಲ್ಲ. "ನಿಮ್ಮ ಮಡಕೆ ಚೆಂದವೇ ಐತೆ. ನಾನೇನು ಇಲ್ಲ ಅಂದ್ನಾ? ಈ ತಿಂಗಳು ಮೂರು ಮಡಕೆ ಬಾವಿ ಕಟ್ಟೆ ಮೇಲೇ ಒಡೆದವು. ಮನೆಗೆ ನೀರು ತರೋಳು ನಾನು."

"ಮೂರು ಒಡೆಯೋವರೆಗೂ ನನಗೊಂದು ಮಾತು ಹೇಳಬಾರದಾಗಿತ್ತಾ?"

"ಹೆಂಗೆ ಹೇಳ್ಲಿ?" ಎಂದಳು ಅವಳು. "ಹಗ್ಗ ಕಟ್ಟಿದ್ರಲ್ಲ."

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಬಸವಂತ ಇನ್ನೂ ಏನೋ ಉಳಿದಿದೆ ಎಂದುಕೊಂಡಿದ್ದ. ಏನೂ ಬರಲಿಲ್ಲ. ಕತೆ ಅವನಿಗೆ ಹಿಡಿಸಿತು. ಹನ್ನೆರಡನೆಯ ಪದ್ಯಕ್ಕೆ ಕೊಕ್ಕೆ ಹಾಕಿದ ಆ ಜೊತೆಗಾರ ಇದನ್ನು ಕೇಳಬೇಕಿತ್ತು, ಅವನೂ ಪದ್ಯ ಬರೆಯುತ್ತಾನೆ, ಅವನಿಗೂ ಯಾರಾದರೂ ಏನಾದರೂ ಹೇಳಿದರೆ ಆಗುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡ. ಆಮೇಲೆ ಕಟ್ಟನ್ನು ಗುರುಗಳ ಕಡೆಗೆ ಇನ್ನೊಂದು ಗೇಣು ಸರಿಸಿದ.

"ಕತೆ ಚೆನ್ನಾಗಿತ್ತು, ಗುರುಗಳೇ. ಆದರೆ ನನ್ನ ಕಾವ್ಯದ ಮಾತು ಹಾಗೆಯೇ ಉಳಿಯಿತಲ್ಲ."

ಗುರುಗಳು ಒಂದು ನಿಟ್ಟುಸಿರು ಬಿಟ್ಟರು. ಕಟ್ಟಿನ ದಾರವನ್ನು ಬಿಚ್ಚಲಿಲ್ಲ. ಕೂತಲ್ಲಿಂದಲೇ ಅದಕ್ಕೆ ಎರಡೂ ಕೈ ಜೋಡಿಸಿದರು.

"ಅದ್ಭುತವಾಗಿದೆ, ಬಸವಂತ."